ಊಟವಾದ ಮೇಲೆ ಒಂದು ಮಾತ್ರೆ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ನೆಲಮಂಗಲದ ಗೋದಾಮುಗಳವರೆಗೆ, ನೋವಿನ ಮಾತ್ರೆಯ ಬಗ್ಗೆ ಎಲ್ಲರಿಗೂ ಬಾಯಿಪಾಠವಾಗಿರುವ ನಿಯಮ ಒಂದೇ: ಬರೀ ಹೊಟ್ಟೆಗೆ ನುಂಗಬೇಡ, ಏನಾದರೂ ತಿಂದು ತಗೋ. ಮಾತ್ರೆ ಯಾವುದು, ಎಷ್ಟು ದಿನದಿಂದ ನುಂಗುತ್ತಿದ್ದೀಯ, ಜೊತೆಗೆ ಇನ್ನೇನು ತೆಗೆದುಕೊಳ್ಳುತ್ತಿದ್ದೀಯ ಎಂಬ ಪ್ರಶ್ನೆಗಳೆಲ್ಲ ಈ ಒಂದು ಮಾತಿನ ಹಿಂದೆ ಮರೆಯಾಗುತ್ತವೆ. ನಿಯಮ ಸುಳ್ಳೇನಲ್ಲ. ಆದರೆ ಅದು ಅಪರೂಪಕ್ಕೊಮ್ಮೆ ಬರುವ ತಲೆನೋವಿಗೆ, ಅಪರೂಪಕ್ಕೊಂದು ನುಂಗುವ ಮಾತ್ರೆಗೆ ಹೊಂದುವ ನಿಯಮ. ಮಾತ್ರೆ ಬದಲಾಯಿತು, ನೋವು ದಿನನಿತ್ಯದ್ದಾಯಿತು, ಮಾರುವ ಜಾಗವೂ ಬೇರೆಯಾಯಿತು. ನಿಯಮ ಮಾತ್ರ ಇದ್ದಲ್ಲೇ ಉಳಿಯಿತು. ಬೆಂಗಳೂರು ಗ್ರಾಮಾಂತರದಲ್ಲಿ ಈ ಮಾತ್ರೆ ಅಪಾಯ ತರುವುದು ಜನರ ತಿಳಿಗೇಡಿತನದಿಂದ ಎನ್ನುವುದು ಸುಲಭ. ನುಂಗುವವನ ಎಚ್ಚರಕ್ಕಿಂತ ಮಾರುವ ರೀತಿಯೇ ಇಲ್ಲಿ ಹೆಚ್ಚು ನಿರ್ಣಾಯಕವಾಗಿತ್ತು ಎಂಬುದು ನನ್ನ ವಾದ.

ಮಾತ್ರೆಗೂ ಮೊದಲು ಈ ಸೀಮೆಯ ನೋವಿನ ಮದ್ದು ಬಹುಪಾಲು ಮೈಮೇಲಿನದು: ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ, ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರು, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಶಾಖ, ಯಾವುದೂ ನಡೆಯದಿದ್ದರೆ ಬರೆ. ಇವುಗಳ ಗುಣ ಎಷ್ಟು ಎಂಬುದು ಬೇರೆ ಮಾತು. ತಪ್ಪಾದರೆ ಚರ್ಮ ಸುಡುತ್ತಿತ್ತು, ಸುಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ನುಂಗಿದ ಮಾತ್ರೆಯ ತಪ್ಪು ಹಾಗೆ ಕಾಣುವುದಿಲ್ಲ. ಜರ್ಮನಿಯ ಬೇಯರ್ ಕಂಪನಿ 1899ರಲ್ಲಿ ಮಾರುಕಟ್ಟೆಗೆ ತಂದ ಆಸ್ಪಿರಿನ್ ಕ್ರಮೇಣ ಹಳ್ಳಿಯ ಅಂಗಡಿಗೂ ಬಂತು. ಆಸ್ಪ್ರೊ, ಅನಾಸಿನ್, ಸಾರಿಡಾನ್ ಮನೆಮಾತಾದವು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ನಿಯಮಗಳಲ್ಲಿ ಷೆಡ್ಯೂಲ್ ಕೆ ಎಂಬ ಪಟ್ಟಿಯಿದೆ. ಒಂದು ಸಾವಿರ ಮೀರದ ಜನಸಂಖ್ಯೆಯ ಹಳ್ಳಿಯಲ್ಲಿ ಆಸ್ಪಿರಿನ್, ಪ್ಯಾರಾಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್ ಮುಂತಾದವನ್ನು ಲೈಸೆನ್ಸ್ ಇಲ್ಲದ ಅಂಗಡಿಯೂ ಮಾರಬಹುದು ಎನ್ನುತ್ತದೆ ಅದು. ಜೊತೆಗೊಂದು ಷರತ್ತಿದೆ: ತಯಾರಕರ ಪೊಟ್ಟಣವನ್ನು ಒಡೆಯದೆ ಮಾರಬೇಕು. ಆ ಕಾನೂನಿನ ಮನಸ್ಸಿನಲ್ಲಿದ್ದ ಗಿರಾಕಿ ಸ್ಪಷ್ಟ: ಒಂದು ದಿನದ ಜ್ವರ, ಒಂದು ರಾತ್ರಿಯ ತಲೆನೋವು, ಡಾಕ್ಟರು ದೂರ. ಅವನಿಗೆ ‘ತಿಂದು ನುಂಗು’ ಎಂಬ ಬುದ್ಧಿಮಾತು ಸಾಕಿತ್ತು.

ಸಾಲದಾದದ್ದು ಆಮೇಲೆ. ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟೀವರ್ಟ್ ಆಡಮ್ಸ್ ಮತ್ತು ಸಂಗಡಿಗರು ರೂಪಿಸಿದ ಐಬುಪ್ರೊಫೆನ್ 1969ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಸ್ವಿಟ್ಜರ್‌ಲೆಂಡಿನ ಸಿಬಾ-ಗೈಗಿ 1970ರ ದಶಕದಲ್ಲಿ ಡೈಕ್ಲೊಫೆನಾಕನ್ನು ಮಾರುಕಟ್ಟೆಗೆ ತಂದಿತು. ಈ ಜಾತಿಯ ಮಾತ್ರೆಗಳು ಕೆಲಸ ಮಾಡುವ ಬಗೆಯನ್ನು 1971ರಲ್ಲಿ ಜಾನ್ ವೇನ್ ಬಿಡಿಸಿಟ್ಟರು, ಅದಕ್ಕೆ 1982ರಲ್ಲಿ ನೊಬೆಲ್ ಬಂತು. ದೇಹದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತು ಹುಟ್ಟುವುದನ್ನೇ ಇವು ತಡೆಯುತ್ತವೆ. ನೋವು, ಊತ ಇಳಿಯುವುದು ಅದರಿಂದ. ಆದರೆ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ವಸ್ತು. ಹಾಗಾಗಿ ಹೊಟ್ಟೆಯ ಹುಣ್ಣು ಮಾತ್ರೆ ತಗುಲಿದ ಜಾಗದಲ್ಲಷ್ಟೇ ಆಗುವುದಲ್ಲ, ರಕ್ತದ ಮೂಲಕವೂ ಆಗುತ್ತದೆ. ಹೊಟ್ಟೆ ಕೆಡಬಾರದೆಂದು ಇಂಜೆಕ್ಷನ್ ಹಾಕಿಸಿಕೊಂಡವರಿಗೂ ಆಗಬಹುದು. ಮುದ್ದೆ ಉಂಡು ನುಂಗಿದರೆ ಉರಿ ಕಡಿಮೆಯಾದೀತು, ಮೂತ್ರಪಿಂಡಕ್ಕೆ ಅದರಿಂದ ಏನೂ ರಕ್ಷಣೆಯಿಲ್ಲ. ಇನ್ನೊಂದು ತೊಡಕಿದೆ. ಡೈಕ್ಲೊಫೆನಾಕ್‌ನ ಸಾಮಾನ್ಯ 50 ಮಿಲಿಗ್ರಾಂ ಮಾತ್ರೆಗೆ ಜಠರ ದಾಟಿದ ಮೇಲೆ ಕರಗುವ ಲೇಪವಿರುತ್ತದೆ. ಹೊಟ್ಟೆ ತುಂಬ ಉಂಡು ನುಂಗಿದರೆ ಅದು ಕರುಳು ಸೇರುವುದು ತಡ, ನೋವು ಇಳಿಯುವುದೂ ತಡ. ಕಾದು ಬೇಸತ್ತವನು ಮೊದಲನೆಯದು ಹಿಡಿಯಲಿಲ್ಲವೆಂದು ಎರಡನೆಯದನ್ನು ನುಂಗುತ್ತಾನೆ. ಪಾಲಿಸಿದ ನಿಯಮವೇ ಹೀಗೆ ಹೆಚ್ಚಿನ ಮಾತ್ರೆಗೆ ದಾರಿ ಮಾಡಿಕೊಡುವುದುಂಟು.

ಅಷ್ಟರಲ್ಲಿ ದುಡಿಮೆಯೂ ಬದಲಾಗಿತ್ತು. ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಿದ್ದ ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರಾಯಿತು. ಪಾಳಿ ಮುಗಿಯುವತನಕ ಮಗ್ಗಗಳ ನಡುವೆ ನಿಂತು, ಓಡಾಡಿ, ಕಡಿದ ಎಳೆ ಹುಡುಕಿ ಬಗ್ಗಿ ಗಂಟು ಹಾಕುವ ಕೆಲಸ ಅದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನೂಲು ಬಿಚ್ಚುವವರ ಕೈ ಬಿಸಿನೀರಿನಲ್ಲಿ, ಕೊಯಿರದ ಕಲ್ಲುಗಣಿಯಲ್ಲಿ ಸೊಂಟ ಬಿಸಿಲಿನಲ್ಲಿ. ಮಂಡಿ, ಸೊಂಟ, ಭುಜದ ಈ ನೋವು ಒಂದು ರಾತ್ರಿಯದಲ್ಲ, ನಾಳೆಯೂ ಅದೇ ಕೆಲಸವಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಷೆಡ್ಯೂಲ್ ಎಚ್‌ಗೆ ಸೇರಿದವು, ಡಾಕ್ಟರ ಚೀಟಿಯಿಲ್ಲದೆ ಮಾರಬಾರದು. ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಈ ಕಾನೂನು ಏನಾಗುತ್ತದೆಂಬುದನ್ನು ಒಂದು ಕತ್ತರಿ ತೋರಿಸುತ್ತದೆ. ಗಿರಾಕಿ ಎರಡು ಹೊತ್ತಿಗೆ ಕೇಳುತ್ತಾನೆ. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ಎರಡು ಕತ್ತರಿಸಿ, ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ, ಇನ್ನೊಂದು ಬಿಳಿ ಮಾತ್ರೆ ಸೇರಿಸಿ ಕಾಗದದ ಪೊಟ್ಟಣದಲ್ಲಿ ‘ಸೆಟ್’ ಕಟ್ಟಿ ಕೊಡುತ್ತಾರೆ. ಔಷಧದ ಹೆಸರು, ಅವಧಿ ಮುಗಿಯುವ ತಿಂಗಳು, ಚೀಟಿಯಿಲ್ಲದೆ ಮಾರಬಾರದೆಂಬ ಇಂಗ್ಲಿಷ್ ಎಚ್ಚರಿಕೆ ಉಳಿದ ಎಂಟರ ಬೆನ್ನಿನಲ್ಲಿ ಅಂಗಡಿಯಲ್ಲೇ ಉಳಿಯುತ್ತವೆ. ಪೊಟ್ಟಣ ಒಡೆಯಬೇಡ ಎಂದು ಕಿರಾಣಿ ಅಂಗಡಿಗೆ ಹಾಕಿದ್ದ ಷರತ್ತು ಎಷ್ಟು ದೂರದೃಷ್ಟಿಯದು ಎಂದು ಇಲ್ಲಿ ಗೊತ್ತಾಗುತ್ತದೆ. ಹೆಸರೇ ತಿಳಿಯದ ಮಾತ್ರೆಯನ್ನು ಎಚ್ಚರದಿಂದ ನುಂಗು ಎಂದರೆ ಯಾವ ಎಚ್ಚರ? ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆಯನ್ನು ಸೊಂಟಕ್ಕೆಂದು ನುಂಗಿದವನು ಸಂಜೆ ಜ್ವರಕ್ಕೆಂದು ಮತ್ತೆ ಪ್ಯಾರಾಸಿಟಮಾಲ್ ನುಂಗಬಹುದು. ಹೃದಯಕ್ಕೆಂದು ದಿನಾ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುವವರು ಮಂಡಿಗೆ ಐಬುಪ್ರೊಫೆನ್ ಸೇರಿಸಿದರೆ ರಕ್ತಸ್ರಾವದ ಅಪಾಯ ಏರುತ್ತದೆ, ಆಸ್ಪಿರಿನ್ ಕೊಡುತ್ತಿದ್ದ ರಕ್ಷಣೆಯೂ ಕುಗ್ಗಬಹುದು.

ಕಾನೂನಿಗೆ ಕೈಲಾಗುವುದಿಲ್ಲ ಎನ್ನುವವರು 2006ನೇ ಇಸವಿಯನ್ನು ನೋಡಬೇಕು. ಆಗಿನ್ನೂ ರಾಮನಗರ ಬೆಂಗಳೂರು ಗ್ರಾಮಾಂತರದ ಭಾಗ, ಬೇರೆ ಜಿಲ್ಲೆಯಾದದ್ದು 2007ರಲ್ಲಿ. ‘ಶೋಲೆ’ಯ ಬಂಡೆಗಳೆಂದು ದೇಶಕ್ಕೆಲ್ಲ ಗೊತ್ತಿರುವ ಅಲ್ಲಿನ ಬೆಟ್ಟಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ, ರಾಮದೇವರಬೆಟ್ಟ ಅವುಗಳ ಅಭಯಧಾಮವಾದದ್ದು 2012ರಲ್ಲಿ. ಡೈಕ್ಲೊಫೆನಾಕ್ ಕೊಟ್ಟಿದ್ದ ದನದ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ಪಾಕಿಸ್ತಾನದ ಹದ್ದುಗಳ ಅಧ್ಯಯನದಿಂದ ತೋರಿಸಿದ್ದರು. ಎರಡು ವರ್ಷದಲ್ಲಿ ಪಶುಗಳಿಗಾಗಿ ಅದನ್ನು ತಯಾರಿಸಬಾರದೆಂಬ ಆದೇಶ ಬಂತು. ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳನ್ನೇ ದನಗಳಿಗೆ ಚುಚ್ಚತೊಡಗಿದಾಗ, 2015ರಲ್ಲಿ ಇಂಜೆಕ್ಷನ್ ಸೀಸೆಯನ್ನು 3 ಮಿಲಿಲೀಟರಿನ ಒಂದೇ ಡೋಸಿಗೆ ಇಳಿಸಲಾಯಿತು. 2023ರಲ್ಲಿ ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್ ಸಹ ಪಶುವೈದ್ಯದಿಂದ ಹೊರಬಿದ್ದವು. ‘ದನಕ್ಕೆ ಎಚ್ಚರದಿಂದ ಕೊಡಿ’ ಎಂದು ರೈತರಿಗೆ ಬುದ್ಧಿ ಹೇಳಿ ಕೂರಲಿಲ್ಲ. ತಯಾರಿಕೆಗೆ, ಸೀಸೆಯ ಗಾತ್ರಕ್ಕೆ ಕೈ ಹಾಕಿದರು. ಮೆಲಾಕ್ಸಿಕಾಮ್ ಎಂಬ ಬದಲಿ ಔಷಧವೂ ಕೈಯಲ್ಲಿತ್ತು. ಅದೇ 2006ರಲ್ಲಿ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹಬ್ಬಿ, 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಬಿಟ್ಟ ಮೇಲೂ ಕೀಲುನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯಿತು. ದುಡಿಯುವವರ ಜೇಬಿನಲ್ಲಿದ್ದ ಮಾತ್ರೆ ಮನೆಯ ಗೂಡಿಗೆ ಬಂದು ಕೂತದ್ದಕ್ಕೆ ಆ ವರ್ಷದ ಪಾಲು ದೊಡ್ಡದೆಂದು ನನ್ನ ಎಣಿಕೆ. ಆ ಮನೆಗಳಿಗೆ ಸಿಕ್ಕಿದ್ದು ಮತ್ತೆ ಅದೇ ಮಾತು, ತಿಂದು ನುಂಗಿ.

ಹದ್ದಿಗೂ ಮನುಷ್ಯನಿಗೂ ಹೋಲಿಕೆಯೇ ಎಂದು ಕೇಳಬಹುದು. ದೇಹದ ಮಟ್ಟದಲ್ಲಿ ಇಲ್ಲ. ಹದ್ದಿಗೆ ವಿಷವಾಗುವ ಅಳತೆ ನಮಗೆ ಏನೂ ಅಲ್ಲ, ಸರಿಯಾದ ರೋಗಿಗೆ ಕೆಲವು ದಿನ ಕೊಟ್ಟರೆ ಡೈಕ್ಲೊಫೆನಾಕ್ ಒಳ್ಳೆಯ ಔಷಧವೇ. ನಾನು ಹೋಲಿಸುತ್ತಿರುವುದು ಕಾನೂನಿನ ವಿಧಾನವನ್ನು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೂಲಿಯವರದು. ಚೀಟಿ ಕಡ್ಡಾಯವೆಂದು ಬಿಗಿ ಮಾಡಿದರೆ ನೇಕಾರನಿಗೆ ಒಂದು ದಿನದ ಕೂಲಿ ಹೋಗುತ್ತದೆ, ಡಾಕ್ಟರ ಫೀಸು ಬೇರೆ. ಆ ಮಾತ್ರೆಯೇ ಅವನ ಅನ್ನ. ಇದನ್ನು ಒಪ್ಪಲೇಬೇಕು, ನೋವು ತಿಂದುಕೊಂಡಿರು ಎನ್ನುವುದು ಸುರಕ್ಷತೆಯಲ್ಲ. ಆದರೆ ಬಾಗಿಲು ಹಾಕುವುದಕ್ಕೂ ಹೆಸರಿಲ್ಲದ ಪೊಟ್ಟಣ ಕೊಡುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ಬ್ರಿಟನ್ 1998ರಲ್ಲಿ ಪ್ಯಾರಾಸಿಟಮಾಲ್ ಮಾರಾಟ ನಿಲ್ಲಿಸಲಿಲ್ಲ. ಸಾಮಾನ್ಯ ಅಂಗಡಿಯಲ್ಲಿ 16 ಮಾತ್ರೆಯ, ಔಷಧಿ ಅಂಗಡಿಯಲ್ಲಿ 32 ಮಾತ್ರೆಯ ಪೊಟ್ಟಣವೆಂದು ಮಿತಿ ಹಾಕಿತು, ಅದರ ಅತಿಸೇವನೆಯ ಸಾವುಗಳು ಇಳಿದವು. ಮಂಡಿ, ಬೆರಳುಗಳ ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಇದೆ, ರಕ್ತಕ್ಕೆ ಸೇರುವ ಅಂಶ ಬಹಳ ಕಡಿಮೆ. ಮಾತ್ರೆಯೇ ಬೇಕಾದಾಗಲೂ ಪ್ರತಿ ಗುಳಿಗೆಯ ಬೆನ್ನಿಗೆ ಕನ್ನಡದಲ್ಲಿ ಹೆಸರು ಅಚ್ಚಾಗಿದ್ದರೆ ಕತ್ತರಿ ಅದನ್ನು ಅಳಿಸಲಾರದು.

ಅದರ ಜೊತೆಗೆ ಹೇಳಬೇಕಾದ ಮಾತುಗಳು ಹೆಚ್ಚಿಲ್ಲ: ನೋವು ತಡೆಯುವಷ್ಟೇ ಕಡಿಮೆ ಅಳತೆ, ಆದಷ್ಟು ಕಡಿಮೆ ದಿನ, ಇದೇ ಜಾತಿಯ ಎರಡು ಮಾತ್ರೆ ಒಟ್ಟಿಗೆ ಬೇಡ, ವಾಂತಿ ಭೇದಿಯಾಗಿ ಬಳಲಿದಾಗ, ಡೆಂಗಿ ಶಂಕೆಯಿದ್ದಾಗ, ಗರ್ಭಿಣಿಗೆ ಡಾಕ್ಟರನ್ನು ಕೇಳದೆ ಬೇಡ, ಮಲ ಟಾರಿನಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಎನಲಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇವೆರಡರ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಏಟು. ಬಿ.ಪಿ. ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಪಡೆಯುವವರೇ ನೋವಿನ ಮಾತ್ರೆಯನ್ನು ಬಸ್ ಸ್ಟ್ಯಾಂಡಿನ ಮೆಡಿಕಲ್‌ನಲ್ಲಿ ಕೊಳ್ಳುತ್ತಾರೆ. ಎರಡು ಲೆಕ್ಕವೂ ಒಂದೇ ಪುಸ್ತಕಕ್ಕೆ ಬರುವುದಿಲ್ಲ. ಬಿ.ಪಿ. ಮಾತ್ರೆ ಕೊಡುವ ದಿನ ‘ಮಂಡಿಗೆ ಏನು ನುಂಗ್ತಿದ್ದೀರಮ್ಮ, ಪೊಟ್ಟಣ ತಂದಿದ್ದೀರಾ?’ ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.