ವಿದ್ಯಾರ್ಥಿನಿಯರ ನಿಲಯ: ಪದವಿಪೂರ್ವ ಶಿಕ್ಷಣದ ಜೊತೆಗೆ ಬೆಳೆದ ಸಂಸ್ಥೆ

ಹತ್ತನೆಯ ತರಗತಿ ಮುಗಿದ ಮೇಲೆ ಹಳ್ಳಿಯ ಹುಡುಗಿಯ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ಅನೇಕ ಸಲ ಅಂಕಪಟ್ಟಿ ತೀರ್ಮಾನಿಸುವುದಿಲ್ಲ. ಕಾಲೇಜಿರುವ ಊರಿನಲ್ಲಿ ಆಕೆ ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆ ತೀರ್ಮಾನಿಸುತ್ತದೆ. ಆ ಪ್ರಶ್ನೆಗೆ ಕರ್ನಾಟಕ ಕಂಡುಕೊಂಡ ಉತ್ತರವೇ ವಿದ್ಯಾರ್ಥಿನಿಯರ ನಿಲಯ. ಜಗತ್ತಿನ ಬೇರೆಡೆಯಲ್ಲೂ ಎರಡು ವರ್ಷದ ಕಾಲೇಜುಗಳ ಜೊತೆಗೆ ಹೆಣ್ಣುಮಕ್ಕಳ ಕೂಟಗಳು ಹುಟ್ಟಿವೆ. ಅವುಗಳಲ್ಲಿ ಅಮೆರಿಕದ ಸೊರೋರಿಟಿಗಳು ಪ್ರಸಿದ್ಧ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನಮ್ಮ ನಿಲಯಗಳ ಸ್ವರೂಪ ಸ್ಪಷ್ಟವಾಗುತ್ತದೆ.

ನಿಲಯ ಎಂದರೇನು?

ಊರು ಬಿಟ್ಟು ಓದಲು ಬಂದ ವಿದ್ಯಾರ್ಥಿನಿಯರಿಗೆ ವಸತಿ, ಊಟ ಮತ್ತು ಓದಿನ ಅನುಕೂಲವನ್ನು ಒಂದೇ ಸೂರಿನಡಿ ಒದಗಿಸುವ ಸಂಸ್ಥೆಯೇ ವಿದ್ಯಾರ್ಥಿನಿಯರ ನಿಲಯ. ಜನರ ಮಾತಿನಲ್ಲಿ ಅದು ಹಾಸ್ಟೆಲ್. ಸರ್ಕಾರಿ ನಿಲಯಗಳಲ್ಲಿ ಎರಡು ಬಗೆಗಳಿವೆ. ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ಇರುವುದು ಮೆಟ್ರಿಕ್ ಪೂರ್ವ ನಿಲಯ. ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಮತ್ತು ಅದಕ್ಕೂ ಮೇಲಿನ ಓದಿನವರಿಗೆ ಇರುವುದು ಮೆಟ್ರಿಕ್ ನಂತರದ ನಿಲಯ. ಕರ್ನಾಟಕದಲ್ಲಿ 1971ರಿಂದ ಪಿಯುಸಿ ಎರಡು ವರ್ಷದ ಶಿಕ್ಷಣವಾಗಿದೆ. ಶಾಲೆಗೂ ಪದವಿಗೂ ನಡುವಿನ ಈ ಘಟ್ಟದ ಕಾಲೇಜನ್ನು ಜನ ಇಂದಿಗೂ ಜೂನಿಯರ್ ಕಾಲೇಜು ಎಂದು ಕರೆಯುವುದುಂಟು. ಪ್ರಾಥಮಿಕ ಶಾಲೆ ಬಹುತೇಕ ಊರಲ್ಲೇ ಇರುತ್ತದೆ, ಪ್ರೌಢಶಾಲೆ ಪಕ್ಕದ ಊರಲ್ಲಿ ಸಿಗುತ್ತದೆ. ಆದರೆ ಬೇಕಾದ ವಿಷಯವಿರುವ ಪದವಿಪೂರ್ವ ಕಾಲೇಜು ಅನೇಕರಿಗೆ ತಾಲ್ಲೂಕು ಕೇಂದ್ರದಲ್ಲಿ ಮಾತ್ರ ದೊರೆಯುತ್ತದೆ. ಮನೆಯಿಂದ ಮೊದಲ ಬಾರಿಗೆ ದೂರ ಹೋಗಬೇಕಾದ ಹಂತ ಇದಾಗಿರುವುದರಿಂದ ನಿಲಯದ ಅಗತ್ಯವೂ ಇಲ್ಲಿಯೇ ಹೆಚ್ಚು.

ಅಮೆರಿಕದ ಸೊರೋರಿಟಿಗಳು

ಸೊರೋರಿಟಿ ಎಂದರೆ ಕಾಲೇಜು ವಿದ್ಯಾರ್ಥಿನಿಯರ ಸದಸ್ಯತ್ವದ ಸಂಘ. ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಹುಟ್ಟಿದ ಎರಡು ಸಾಹಿತ್ಯ ಕೂಟಗಳು ಇವುಗಳ ಪೂರ್ವಜರು. ಪುರುಷರ ಸಂಘಗಳು ತಮ್ಮನ್ನು ಸೇರಿಸಿಕೊಳ್ಳದಿದ್ದಾಗ ಹೆಣ್ಣುಮಕ್ಕಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡರು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ಧ್ಯೇಯವಾಕ್ಯ, ದೀಕ್ಷಾವಿಧಿ ಮತ್ತು ಸಂಘದ್ದೇ ಆದ ಮನೆ ಇವುಗಳ ಲಕ್ಷಣಗಳಾದವು.

ಎರಡು ವರ್ಷದ ಕಾಲೇಜುಗಳಿಗೆ ಸೊರೋರಿಟಿ ಬಂದದ್ದು ಸ್ವಲ್ಪ ತಡವಾಗಿ. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಸಾರ್ವಜನಿಕ ಜೂನಿಯರ್ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಅದೇ ವರ್ಷ ಮಿಸ್ಸೌರಿ ರಾಜ್ಯದ ಕೊಲಂಬಿಯಾ ಪಟ್ಟಣದ ಕ್ರಿಶ್ಚಿಯನ್ ಕಾಲೇಜಿನಲ್ಲಿ ಈಟಾ ಅಪ್ಸಿಲಾನ್ ಗ್ಯಾಮಾ ಎಂಬ ಸೊರೋರಿಟಿ ಸ್ಥಾಪನೆಯಾಯಿತು. ನಾಲ್ಕು ವರ್ಷದ ಪದವಿ ಕಾಲೇಜುಗಳಿಗೆ ಮೀಸಲಾಗಿದ್ದ ದೊಡ್ಡ ಸೊರೋರಿಟಿಗಳು ಈ ಕಾಲೇಜುಗಳತ್ತ ಬರಲಿಲ್ಲ. ಹೀಗಾಗಿ ಜೂನಿಯರ್ ಕಾಲೇಜುಗಳಲ್ಲಿ ಪ್ರತ್ಯೇಕ ಸೊರೋರಿಟಿಗಳೇ ಬೆಳೆದವು.

ಸೊರೋರಿಟಿಯ ತಳಪಾಯ ಆಯ್ಕೆ. ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಹಳೆಯ ಸದಸ್ಯೆಯರೇ ನಿರ್ಧರಿಸುತ್ತಿದ್ದರು. ವರ್ಣ, ಧರ್ಮ ಮತ್ತು ಮನೆತನದ ಅಂತಸ್ತು ಈ ನಿರ್ಧಾರದಲ್ಲಿ ದೀರ್ಘಕಾಲ ಕೆಲಸ ಮಾಡಿದವು. ಕಪ್ಪು ವರ್ಣೀಯ ವಿದ್ಯಾರ್ಥಿನಿಯರು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕ್ಯಾಪಾ ಆಲ್ಫಾ ಎಂಬ ತಮ್ಮದೇ ಸೊರೋರಿಟಿಯನ್ನು ಕಟ್ಟಿದರು. ಜೂನಿಯರ್ ಕಾಲೇಜುಗಳಲ್ಲಿ ಅಂಕಗಳನ್ನು ಆಧಾರವಾಗಿಟ್ಟುಕೊಂಡ ಫೈ ಥೀಟಾ ಕ್ಯಾಪಾ ಎಂಬ ಗೌರವ ಸಂಘ ಮಿಸ್ಸೌರಿಯಲ್ಲಿ 1918ರಲ್ಲಿ ಹುಟ್ಟಿತು. ಅದು ಇಂದಿಗೂ ಇದೆ. ಜೂನಿಯರ್ ಕಾಲೇಜಿನ ಸೊರೋರಿಟಿಗಳು ಮಾತ್ರ ಎರಡನೆಯ ಮಹಾಯುದ್ಧದ ನಂತರ ಕ್ಷೀಣಿಸಿದವು. ಖಾಸಗಿ ಮಹಿಳಾ ಕಾಲೇಜುಗಳಲ್ಲಿ ಹಲವು ನಾಲ್ಕು ವರ್ಷದ ಸಹಶಿಕ್ಷಣ ಕಾಲೇಜುಗಳಾದವು. ಕ್ರಿಶ್ಚಿಯನ್ ಕಾಲೇಜೇ 1970ರಲ್ಲಿ ಕೊಲಂಬಿಯಾ ಕಾಲೇಜಾಗಿ ಬದಲಾಯಿತು. ಹೊಸದಾಗಿ ಹರಡಿದ ಸಮುದಾಯ ಕಾಲೇಜುಗಳಿಗೆ ವಿದ್ಯಾರ್ಥಿಗಳು ಮನೆಯಿಂದಲೇ ಬಂದು ಹೋಗುತ್ತಿದ್ದರು. ಒಟ್ಟಿಗೆ ವಾಸವೇ ಇಲ್ಲದ ಕಡೆ ಅಂಥ ಸಂಘಕ್ಕೆ ನೆಲೆ ಉಳಿಯಲಿಲ್ಲ.

ಮೈಸೂರಿನ ಆರಂಭ

ಕನ್ನಡ ನಾಡಿನಲ್ಲಿಯೂ 1901 ಗಮನಾರ್ಹ ವರ್ಷ. ಅಂಬಿಲ್ ನರಸಿಂಹ ಅಯ್ಯಂಗಾರ್ ಅವರ ಮುತುವರ್ಜಿಯಿಂದ 1881ರಲ್ಲಿ ಮೈಸೂರಿನಲ್ಲಿ ಆರಂಭವಾಗಿದ್ದ ಮಹಾರಾಣಿ ಬಾಲಕಿಯರ ಶಾಲೆಯು ಆ ವರ್ಷ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ ಎರಡನೆಯ ದರ್ಜೆಯ ಕಾಲೇಜಾಯಿತು. ಎರಡನೆಯ ದರ್ಜೆಯ ಕಾಲೇಜೆಂದರೆ ಮೆಟ್ರಿಕ್ಯುಲೇಷನ್ ನಂತರ ಎರಡು ವರ್ಷದ ಎಫ್.ಎ. (ಫಸ್ಟ್ ಆರ್ಟ್ಸ್) ತರಗತಿಗಳನ್ನು ನಡೆಸುವ ಕಾಲೇಜು. ಇಂದಿನ ಪದವಿಪೂರ್ವ ಕಾಲೇಜಿನ ಪೂರ್ವರೂಪ ಅದೇ. ಆಗ ಸಂಸ್ಥಾನದ ಆಡಳಿತವನ್ನು ರೀಜೆಂಟ್ ಆಗಿ ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ಮಹಾರಾಣಿ ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳ ಮೊದಲ ತಂಡ 1906ರಲ್ಲಿ ಪದವಿಯನ್ನೂ ಪಡೆಯಿತು.

ಕಾಲೇಜಿನಲ್ಲಿ ಕಲಿತ ಹೆಣ್ಣುಮಕ್ಕಳು ಅಮೆರಿಕದ ಮಾದರಿಯ ಗುಪ್ತ ಸಂಘಗಳನ್ನು ಕಟ್ಟಲಿಲ್ಲ. ಹೆಣ್ಣುಮಕ್ಕಳ ಸಂಘಟನೆ ನಮ್ಮಲ್ಲಿ ಕಾಲೇಜಿನ ಹೊರಗೆ, ಊರಿನ ನಡುವೆ ಬೆಳೆಯಿತು. ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರಲ್ಲಿ ಆರಂಭವಾಯಿತು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದರು, ಮಕ್ಕಳ ಕೂಟವನ್ನು ಕಟ್ಟಿದರು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಅಕ್ಕಮಹಾದೇವಿಯ ನೆನಪಿನಲ್ಲಿ ಅಕ್ಕನ ಬಳಗಗಳು ಹುಟ್ಟಿದವು. ಇವು ವಿದ್ಯಾರ್ಥಿನಿಯರಿಗಷ್ಟೇ ಸೀಮಿತವಾಗದೆ ಗೃಹಿಣಿಯರನ್ನೂ ಒಳಗೊಂಡ ಸಂಘಗಳಾಗಿದ್ದವು.

ಸಮುದಾಯ ಮತ್ತು ಮಠಗಳ ನಿಲಯಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರ್ನಾಟಕದ ಸಮುದಾಯಗಳು ಶಿಕ್ಷಣಕ್ಕಾಗಿ ಸಂಘಟಿತವಾದವು. ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾದವು. ಊರಿನಿಂದ ಬಂದ ತಮ್ಮ ಮಕ್ಕಳಿಗೆ ಪಟ್ಟಣದಲ್ಲಿ ನಿಲಯ ಕಟ್ಟಿಸುವುದು ಇಂಥ ಸಂಘಗಳ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಉತ್ತರ ಕರ್ನಾಟಕದಲ್ಲಿ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಅವುಗಳಲ್ಲಿ ಹೆಸರಾದದ್ದು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ವಿದ್ಯಾರ್ಥಿಗಳ ನಿಲಯಕ್ಕಾಗಿ ದುಡಿದರು.

ಈ ನಿಲಯಗಳಲ್ಲಿ ಹೆಚ್ಚಿನವು ಗಂಡುಮಕ್ಕಳಿಗಾಗಿದ್ದವು. ಹೆಣ್ಣುಮಕ್ಕಳಿಗಾಗಿ ನಡೆದ ಪ್ರಯತ್ನಗಳಲ್ಲಿ ಹುಬ್ಬಳ್ಳಿಯದು ಮುಖ್ಯ. ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿ ಗಾಂಧೀಜಿಯ ಪ್ರೇರಣೆಯಿಂದ 1930ರ ದಶಕದಲ್ಲಿ ಅಲ್ಲಿ ಹರಿಜನ ಬಾಲಿಕಾಶ್ರಮವನ್ನು ಕಟ್ಟಿ ನಡೆಸಿದರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಹೆಣ್ಣುಮಕ್ಕಳು ಅಲ್ಲಿ ಉಂಡು, ಉಳಿದು, ಓದಿದರು.

ಸರ್ಕಾರದ ಪ್ರವೇಶ

ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ ವಿದ್ಯಾರ್ಥಿನಿಲಯಗಳಿಗೆ ಹೊಸ ಬಲ ಬಂತು. ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳಿಗೆ 1977ರಲ್ಲಿ ಪ್ರತ್ಯೇಕ ಇಲಾಖೆಯೇ ಬಂತು. ಇಂದು ಪರಿಶಿಷ್ಟ ಜಾತಿಯವರ ನಿಲಯಗಳನ್ನು ಸಮಾಜ ಕಲ್ಯಾಣ ಇಲಾಖೆಯೂ ಪರಿಶಿಷ್ಟ ಪಂಗಡದವರ ನಿಲಯಗಳನ್ನು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯೂ ನಡೆಸುತ್ತವೆ. ಹಿಂದುಳಿದ ವರ್ಗಗಳ ನಿಲಯಗಳು ಜನರ ಬಾಯಲ್ಲಿ ಬಿಸಿಎಂ ಹಾಸ್ಟೆಲ್‌ಗಳು.

ಕೇಂದ್ರ ಸರ್ಕಾರ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆಯನ್ನು ಹಿರಿಯ ಪ್ರಾಥಮಿಕ ಹಂತದ ಹುಡುಗಿಯರಿಗಾಗಿ ಆರಂಭಿಸಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯ ವಿದ್ಯಾರ್ಥಿನಿಯರಿಗಾಗಿ ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕ್‌ಗಳಲ್ಲಿ ತಲಾ 100 ಮಂದಿಯ ನಿಲಯ ಕಟ್ಟುವ ಯೋಜನೆ 2008-09ರಲ್ಲಿ ಬಂತು. ಸಮಗ್ರ ಶಿಕ್ಷಣ ಯೋಜನೆಯ ಕಾಲಕ್ಕೆ ಕಸ್ತೂರಬಾ ವಿದ್ಯಾಲಯಗಳನ್ನೂ ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಲು ಅವಕಾಶ ದೊರೆಯಿತು.

ಪ್ರವೇಶ ಮತ್ತು ದಿನಚರಿ

ಸರ್ಕಾರಿ ನಿಲಯಕ್ಕೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಜಾತಿ, ಕುಟುಂಬದ ಆದಾಯ, ಹಿಂದಿನ ಪರೀಕ್ಷೆಯ ಅಂಕ ಮತ್ತು ಸೇರಿದ ಕಾಲೇಜಿನ ವಿವರಗಳು ಆಯ್ಕೆಗೆ ಆಧಾರ. ಪಟ್ಟಿ ಪ್ರಕಟವಾದ ಮೇಲೆ ಮೂಲ ದಾಖಲೆಗಳನ್ನು ತೋರಿಸಿ ಸೇರಬೇಕು. ನಿಲಯದಲ್ಲಿ ಸ್ಥಾನ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿ ನೆರವು ನೀಡಲು ವಿದ್ಯಾಸಿರಿ ಯೋಜನೆ ಬಂತು. ಅದರಡಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಸಹಾಯಧನ ನಿಗದಿಯಾಯಿತು.

ನಿಲಯದ ಹೊಣೆ ಮೇಲ್ವಿಚಾರಕಿಯದು. ಹುಡುಗಿಯರಿಗೆ ಅವರು ವಾರ್ಡನ್ ಮೇಡಂ. ಅಡುಗೆಯವರು, ಅಡುಗೆ ಸಹಾಯಕರು ಮತ್ತು ಕಾವಲುಗಾರರು ಉಳಿದ ಸಿಬ್ಬಂದಿ. ಊಟದ ಮನೆಯ ಗೋಡೆಯ ಮೇಲೆ ವಾರದ ಆಹಾರಪಟ್ಟಿ ಇರುತ್ತದೆ: ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿ ಅಥವಾ ಚಿತ್ರಾನ್ನ, ಎರಡು ಹೊತ್ತು ಚಪಾತಿ ಅಥವಾ ರೊಟ್ಟಿ, ಪಲ್ಯ, ಅನ್ನ, ಸಾರು. ಕೋಣೆಯಲ್ಲಿ ಮಂಚದ ಕೆಳಗೆ ಬೀಗ ಹಾಕಿದ ಟ್ರಂಕು. ಅದರೊಳಗೆ ಬಟ್ಟೆ, ನೋಟ್ಸು ಮತ್ತು ಮನೆಯಿಂದ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಪುಸ್ತಕಗಳು ಮುಖ್ಯ. ಒಂದು ಹಾಜರಿ ವಹಿ, ಇನ್ನೊಂದು ಚಲನವಲನ ವಹಿ. ಊರಿಗೆ ಹೋಗುವ ಹುಡುಗಿಯ ಹೆಸರು, ಹೊರಟ ಸಮಯ ಮತ್ತು ಕರೆದೊಯ್ಯಲು ಬಂದವರ ಸಹಿ ಎರಡನೆಯದರಲ್ಲಿ ದಾಖಲಾಗುತ್ತವೆ. ಮಗಳನ್ನು ಕಳುಹಿಸಲು ಹಿಂಜರಿಯುವ ತಂದೆತಾಯಿಗೆ ಧೈರ್ಯ ಕೊಡುವ ದಾಖಲೆ ಅದು.

ಸೊರೋರಿಟಿಯಲ್ಲಿ ಗೆಳೆತನದ ಅಳತೆಗೆ ಒಪ್ಪಿದವರಿಗಷ್ಟೇ ಮನೆಯ ಬಾಗಿಲು ತೆರೆಯುತ್ತಿತ್ತು. ನಿಲಯದಲ್ಲಿ ಕ್ರಮ ತಿರುಗುಮುರುಗು. ಯಾರ ಜೊತೆ ಯಾರು ಇರಬೇಕೆಂಬುದನ್ನು ಅಲ್ಲಿ ಪಟ್ಟಿ ನಿರ್ಧರಿಸುತ್ತದೆ; ಪರಿಚಯ ಆಮೇಲೆ ಆಗುತ್ತದೆ. ಹಿರಿಯ ವಿದ್ಯಾರ್ಥಿನಿಯರು ಕಿರಿಯರಿಗೆ ಅಕ್ಕಂದಿರಾಗುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ವಿಜ್ಞಾನ ಆಯ್ದುಕೊಂಡ ಹುಡುಗಿಗೆ ಇಂಗ್ಲಿಷ್ ಪಾಠ ಬಿಡಿಸಿ ಹೇಳುವುದು, ಹಳೆಯ ಪ್ರಶ್ನೆಪತ್ರಿಕೆ ಕೊಡುವುದು, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವುದು ಈ ಅಕ್ಕಂದಿರ ಅಲಿಖಿತ ಕರ್ತವ್ಯ.

ಕಕ್ಕೇರಾ ಭಾಗದಲ್ಲಿ ನಿಲಯದ ಮಹತ್ವ

ನಿಲಯದ ಅಗತ್ಯ ಎದ್ದು ಕಾಣುವ ಕಡೆಗಳಲ್ಲಿ ಕಕ್ಕೇರಾ ಒಂದು. ಅದು ಯಾದಗಿರಿ ಜಿಲ್ಲೆಯ ಪುರಸಭೆಯ ಪಟ್ಟಣ. ಈ ಪ್ರದೇಶ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಗ ಉರ್ದು ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆಯಾಗಿತ್ತು. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜು ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಕನ್ನಡದ ಹಳ್ಳಿಯ ಹುಡುಗಿಗೆ ಅಲ್ಲಿಗೆ ತಲುಪುವುದು ಬಹುತೇಕ ಅಸಾಧ್ಯವಾಗಿತ್ತು. ಮೈಸೂರಿನ ಹೆಣ್ಣುಮಕ್ಕಳಿಗೆ 1901ರಲ್ಲಿ ತೆರೆದ ಬಾಗಿಲು ಇಲ್ಲಿ ತೆರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಹುಟ್ಟಿತು; ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು.

ತಡವಾಗಿ ಬಂದ ಶಿಕ್ಷಣದ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲಿಯೇ ಕನಿಷ್ಠ. ಮಹಿಳೆಯರ ಸಾಕ್ಷರತೆ ಶೇ 41.38 ಮಾತ್ರ. ಅದೇ ವರ್ಷ ರಾಜ್ಯದ ಮಹಿಳಾ ಸಾಕ್ಷರತೆ ಶೇ 68.08 ಇತ್ತು.

ಈ ಭಾಗದಲ್ಲಿ ನಿಲಯದ ಉಪಯೋಗಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ವಸತಿಯ ವಿನ್ಯಾಸ. ಕಕ್ಕೇರಾ ಸುತ್ತ ಹೊಲಗಳ ನಡುವೆ ದೊಡ್ಡಿಗಳು, ಅಂದರೆ ಸಣ್ಣ ಜನವಸತಿಗಳು, ಚದುರಿವೆ; ಅಲ್ಲಿಂದ ದಿನವೂ ಕಾಲೇಜಿಗೆ ಹೋಗಿ ಬರುವುದು ಕಷ್ಟ. ರಾಜ್ಯದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಆದರೆ ಬಸ್ಸೇ ಹೋಗದ ದೊಡ್ಡಿಗೆ ಆ ಅನುಕೂಲ ಪೂರ್ತಿಯಾಗಿ ದಕ್ಕುವುದಿಲ್ಲ. ಎರಡನೆಯದು ಗುಳೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಕಾಣದ ಒಣಭೂಮಿಯ ಕುಟುಂಬಗಳು ಕೂಲಿಗಾಗಿ ಬೆಂಗಳೂರು, ಪುಣೆ, ಮುಂಬೈಗಳಿಗೆ ಹೋಗುತ್ತವೆ. ಮನೆ ಬೀಗ ಹಾಕಿದಾಗ ಮಗಳ ಓದೂ ನಿಲ್ಲುತ್ತದೆ. ನಿಲಯದಲ್ಲಿ ಸ್ಥಾನವಿದ್ದರೆ ನಿಲ್ಲುವುದಿಲ್ಲ. ಮೂರನೆಯದು ಬಾಲ್ಯವಿವಾಹ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ನಿಷಿದ್ಧ. ಓದು ಬಿಟ್ಟು ಮನೆಯಲ್ಲಿ ಕುಳಿತ ಹದಿನಾರರ ಹುಡುಗಿಗೆ ಸಂಬಂಧ ನೋಡುವುದು ಸುಲಭ. ಪಿಯುಸಿಯ ಎರಡು ವರ್ಷ ಹಾಸ್ಟೆಲ್‌ನಲ್ಲಿದ್ದವಳು ಅಷ್ಟರಲ್ಲಿ ಹದಿನೆಂಟನ್ನು ಮುಟ್ಟಿರುತ್ತಾಳೆ.

ಮಿತಿಗಳು

ನಿಲಯದ ವ್ಯವಸ್ಥೆ ಪರಿಪೂರ್ಣವಲ್ಲ. ಅರ್ಜಿಗಳಿಗಿಂತ ಸ್ಥಾನಗಳು ಕಡಿಮೆ ಇರುವಲ್ಲಿ ಅರ್ಹರೂ ಹೊರಗುಳಿಯುತ್ತಾರೆ. ಬಾಡಿಗೆ ಕಟ್ಟಡದಲ್ಲಿ ಶೌಚಾಲಯ, ಸ್ನಾನದ ಮನೆ ಮತ್ತು ಓದುವ ಜಾಗ ಸಾಲದೆ ಬರುತ್ತವೆ. ಒಬ್ಬ ಮೇಲ್ವಿಚಾರಕಿಗೆ ಎರಡು ನಿಲಯಗಳ ಪ್ರಭಾರ ಬಿದ್ದರೆ ನಿಗಾ ತೆಳುವಾಗುತ್ತದೆ. ಸಮುದಾಯವಾರು ನಿಲಯಗಳು ಅವಕಾಶವನ್ನು ಹೆಚ್ಚಿಸಿದರೂ ಬೇರೆ ಬೇರೆ ಸಮುದಾಯದ ಹುಡುಗಿಯರು ಒಂದೇ ಪಂಕ್ತಿಯಲ್ಲಿ ಕೂರುವ ಸಂದರ್ಭವನ್ನು ಕಡಿಮೆ ಮಾಡಬಲ್ಲವು ಎಂಬ ಟೀಕೆಯೂ ಇದೆ.

ಸಾರಾಂಶ

ಸದಸ್ಯೆಯರ ಇಷ್ಟಾನಿಷ್ಟದ ಮೇಲೆ ನಿಂತ ಅಮೆರಿಕದ ಜೂನಿಯರ್ ಕಾಲೇಜು ಸೊರೋರಿಟಿ, ಕಾಲೇಜುಗಳ ಸ್ವರೂಪ ಬದಲಾದಾಗ ಹಿನ್ನೆಲೆಗೆ ಸರಿಯಿತು. ಅಗತ್ಯದ ಮೇಲೆ ನಿಂತ ಕರ್ನಾಟಕದ ವಿದ್ಯಾರ್ಥಿನಿಯರ ನಿಲಯ, ಆ ಅಗತ್ಯ ಇರುವವರೆಗೂ ಉಳಿಯುತ್ತದೆ. ಅದರ ಲಾಭ ಪಡೆಯಲು ಮೊದಲ ಹೆಜ್ಜೆ ಸರಳ: ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯದೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಬೇಕು, ಕಾಲೇಜಿಗೆ ಸೇರಿದ ಕೂಡಲೇ ನಿಲಯದ ಅರ್ಜಿಯನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಬೇಕು.