ದೊಡ್ಡ ಮೈ, ಸಣ್ಣ ಗುಂಡಿಗೆ: ಕಾಂಟೆಸ್ಸಾಗೆ ಯಾವ ಎಂಜಿನ್?

ಈ ಸಂಚಿಕೆ ರೆಕಾರ್ಡ್ ಮಾಡ್ತಿರೋದು ಕಿರುಗಾವಲಿನಲ್ಲಿ, ನಮ್ಮ ದೊಡ್ಡಪ್ಪನ ಮನೆ ಹಿಂದಿನ ಕೊಟ್ಟಿಗೆ ಪಕ್ಕ. ಮಧ್ಯೆ ಎಮ್ಮೆ ಕೂಗಿದ್ರೆ ಕಟ್ ಮಾಡಲ್ಲ, ಸ್ವಲ್ಪ ಹೊಂದ್ಕೊಳ್ಳಿ.

ನನ್ನ ಮುಂದೆ ಇರೋದು 1986ರ ಒಂದು ಹಿಂದೂಸ್ತಾನ್ ಕಾಂಟೆಸ್ಸಾ. ದೊಡ್ಡಪ್ಪ ಬೆಲ್ಲದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬನ್ನೂರು ದಾರಿಯಲ್ಲಿ ಒಂದು ಬೇಸಿಗೆ ನೀರು ಕುದ್ದು, ಎಂಜಿನ್ ಬ್ಲಾಕ್ ಸೀಳಿತು. ಅವತ್ತಿಂದ ಕಾರು ಕೊಟ್ಟಿಗೆ ಸೇರಿದೆ. ಹೋದ ತಿಂಗಳು ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದರು. ದೊಡ್ಡಪ್ಪ ಮಾತಾಡಲಿಲ್ಲ. ಸಂಜೆ ನನ್ನ ಕರೆದು, "ನೀನು ಬಿ.ಕಾಂ. ಓದ್ದೋನಲ್ವೇನ್ಲಾ? ಲೆಕ್ಕ ಹಾಕಿ ಹೇಳು. ಬೇರೆ ಎಂಜಿನ್ ಕೂರಿಸೋದಾ, ಇಲ್ಲ ಕೊಟ್ಟುಬಿಡೋದಾ?" ಅಂದರು.

ಲೆಕ್ಕ ಹಾಕೋಕೆ ಕೂತೆ. ಕೂತ ಮೇಲೆ ಗೊತ್ತಾಯ್ತು, ಈ ಕಾರಿನ ಇಡೀ ಚರಿತ್ರೆಯೇ ಎಂಜಿನ್ ಬದಲಾವಣೆಯ ಚರಿತ್ರೆ.

ನಮ್ಮ ಹುಡುಗರು ಕಾಂಟೆಸ್ಸಾನ ಇಂಡಿಯಾದ ಮಸಲ್ ಕಾರ್ ಅಂತಾರೆ. ಉದ್ದ ಬಾನೆಟ್ಟು, ಅಗಲ ಮೈ, ಹಿಂದಿನ ಚಕ್ರಕ್ಕೆ ಶಕ್ತಿ. ಆದ್ರೆ ಅಮೆರಿಕದಲ್ಲಿ ಮಸಲ್ ಕಾರ್ ಹುಟ್ಟಿದ್ದು ಹೇಗೆ? 1964ರ ಮಾಡೆಲ್‌ಗೆ ಪಾಂಟಿಯಾಕ್ ಕಂಪನಿಯವರು ತಮ್ಮ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರುಗಳ 6.4 ಲೀಟರ್ ವಿ8 ಎಂಜಿನ್ ಕೂರಿಸಿ ಜಿಟಿಒ ಅಂತ ಹೆಸರಿಟ್ಟರು. ಶಕ್ತಿ 325 ಎಚ್‌ಪಿ. ಆ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್‌ನ ಒಳನಿಯಮವೇ ಇತ್ತು. ಅದನ್ನು 'ಆಯ್ಕೆಯ ಪ್ಯಾಕೇಜ್' ಅಂತ ತೋರಿಸಿ ದಾಟಿಕೊಂಡರು. ಅಂದ್ರೆ ಸಣ್ಣ ಮೈ, ದೊಡ್ಡ ಗುಂಡಿಗೆ.

ಕಾಂಟೆಸ್ಸಾ ಕಥೆ ಇದಕ್ಕೆ ತದ್ವಿರುದ್ಧ.

ಈ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯದು. ಅಲ್ಲಿ 1970ರ ದಶಕದಲ್ಲಿ ವಿಕ್ಟರ್, ಆಮೇಲೆ ವಿಎಕ್ಸ್ ಅಂತ ಓಡಾಡಿದ ಕಾರು. ಅದಕ್ಕೆ 1759 ಮತ್ತು 2279 ಸಿಸಿಯ ಎರಡು ಎಂಜಿನ್ ಇದ್ದವು. ಅಲ್ಲಿ ಉತ್ಪಾದನೆ ನಿಂತ ಮೇಲೆ ಅಚ್ಚುಗಳನ್ನು ಹಿಂದೂಸ್ತಾನ್ ಮೋಟರ್ಸ್ ಕೊಂಡು ಬಂಗಾಳದ ಉತ್ತರಪಾರಾಕ್ಕೆ ತಂದಿತು. 1984ರಲ್ಲಿ ಕಾಂಟೆಸ್ಸಾ ಮಾರುಕಟ್ಟೆಗೆ ಬಂತು. ಮೈ ಬಂತು, ಅದರ ಎಂಜಿನ್ ಬರಲಿಲ್ಲ. ಲೈಸೆನ್ಸ್ ರಾಜ್ ಕಾಲ ಅದು. ವಿದೇಶಿ ವಿನಿಮಯಕ್ಕೆ ಬಿಗಿ, ಹೊಸ ಎಂಜಿನ್‌ಗೆ ಹೊಸ ಕಾರ್ಖಾನೆ ಬೇಕು. ಕೈಯಲ್ಲಿದ್ದದ್ದು ಅಂಬಾಸಿಡರ್‌ನ 1489 ಸಿಸಿ ಬಿಎಂಸಿ ಬಿ-ಸೀರೀಸ್ ಎಂಜಿನ್. ಅದನ್ನೇ ಕೂರಿಸಿದರು. ಶಕ್ತಿ ಸುಮಾರು 50 ಎಚ್‌ಪಿ.

ಆ ಎಂಜಿನ್ ಕಳಪೆ ಅಲ್ಲ. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರು 1955ರಲ್ಲಿ ಬಂದಾಗ ಇದೇ ಅಳತೆಯ ಬಿ-ಸೀರೀಸ್ ಎಂಜಿನ್ನೇ ಅದರೊಳಗಿತ್ತು. ಆದ್ರೆ 1955ರಲ್ಲಿ ಚುರುಕು ಅನ್ನಿಸಿದ್ದು 1984ಕ್ಕೆ ಮುದುಕ. ಅದರ ಹಿಂದಿನ ಡಿಸೆಂಬರ್‌ನಲ್ಲೇ ಮಾರುತಿ 800 ಬಂದಿತ್ತು. ಸಣ್ಣ ಕಾರು ಪುಸಕ್ ಅಂತ ಮುಂದೆ ಹೋಗ್ತಿದ್ರೆ, ರಾಜಗಾಂಭೀರ್ಯದ ಕಾಂಟೆಸ್ಸಾ ಹಿಂದೆ ಏದುಸಿರು ಬಿಡ್ತಿತ್ತು.

ಇದು ಒಂದೇ ಕಂಪನಿಯ ಕಥೆ ಅಲ್ಲ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಸ್ಟ್ಯಾಂಡರ್ಡ್ 2000 ತಂದಿತು. ಮೈ ರೋವರ್ ಎಸ್‌ಡಿ1ದು, ಅದಕ್ಕೆ ತಾಯ್ನಾಡಲ್ಲಿ 3.5 ಲೀಟರ್ ವಿ8 ಇತ್ತು. ಇಲ್ಲಿ ಕೂರಿಸಿದ್ದು ಹಳೇ ವ್ಯಾನ್‌ಗಾರ್ಡ್ ಕಾಲದ ಎರಡು ಲೀಟರ್ ಎಂಜಿನ್. ಮೂರ್ನಾಲ್ಕು ವರ್ಷದಲ್ಲೇ ಆ ಕಾರು ಮುಗಿದುಹೋಯ್ತು.

ಕಾಂಟೆಸ್ಸಾ ಉಳಿದದ್ದು ಎಂಜಿನ್ ಬದಲಾಯಿಸಿದ್ದಕ್ಕೆ. ಜಪಾನಿನ ಇಸುಜು ಜೊತೆ ಒಪ್ಪಂದ ಮಾಡಿಕೊಂಡು ಮಧ್ಯಪ್ರದೇಶದ ಪೀತಂಪುರದಲ್ಲಿ ಎಂಜಿನ್ ತಯಾರಿಸಿದರು. 1817 ಸಿಸಿ ಪೆಟ್ರೋಲ್, ಐದು ಗೇರ್, 80ರ ಮೇಲೆ ಎಚ್‌ಪಿ. ಆಗ ಮೈಗೂ ಗುಂಡಿಗೆಗೂ ಹೊಂದಿತು. ಆಮೇಲೆ 1995 ಸಿಸಿ ಡೀಸೆಲ್ ಬಂತು. 2002ರಲ್ಲಿ ಕಾಂಟೆಸ್ಸಾ ನಿಂತಿತು, 2014ರಲ್ಲಿ ಅಂಬಾಸಿಡರ್ ಕೂಡ.

ಎಂಜಿನ್ ಬದಲಾಯಿಸೋದು ನಮ್ಮ ಮಂಡ್ಯ ಸೀಮೆಗೆ ಹೊಸದಲ್ಲ. ಆಲೆಮನೆ ನೋಡಿ. ಮೊದಲು ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಎತ್ತು ಬಿಚ್ಚಿ ಆಯಿಲ್ ಎಂಜಿನ್‌ಗೆ ಬೆಲ್ಟ್ ಹಾಕಿದರು. ಆಮೇಲೆ ಕರೆಂಟ್ ಮೋಟರ್. ಅರೆಯೋ ಕೆಲಸ ಅದೇ, ಕಬ್ಬು ಅದೇ. ತಿರುಗಿಸೋದು ಮಾತ್ರ ಬೇರೆ. ಜೀಪಿನದೂ ಅದೇ ಕಥೆ. ಪೆಟ್ರೋಲ್ ಕುಡಿಯೋ ಹಳೇ ಮಹೀಂದ್ರ ಜೀಪುಗಳ ಸಂತತಿಗೆ ಕಂಪನಿಯೇ ಪ್ಯೂಜೊ ಡೀಸೆಲ್ ಎಂಜಿನ್ ಕೂರಿಸಿತು. ಅದಕ್ಕೇ ನಮ್ಮೂರಲ್ಲಿ "ಡೀಸೆಲ್ ಮಾಡ್ಸು" ಅನ್ನೋದು ಸಲಹೆಯಲ್ಲ, ಗಾದೆ ಥರ.

ಈಗ ನಮ್ಮ ಲೆಕ್ಕ. ಊರಿನ ಮೇಸ್ತ್ರಿಯನ್ನ ಕರೆಸಿದೆ. ಬಾನೆಟ್ ಎತ್ತಿ, ಬೀಡಿ ಆರಿಸಿ, ಅವರು ಮೂರು ದಾರಿ ಹೇಳಿದರು.

ಒಂದು, ಇಸುಜು ಪೆಟ್ರೋಲ್. 1992ರಿಂದ ಅಂಬಾಸಿಡರ್‌ಗೂ ಇದೇ ಎಂಜಿನ್ ಬಂದಿದ್ದರಿಂದ ಗುಜರಿಯಲ್ಲಿ ಹುಡುಕಿದರೆ ಸಿಗಬಹುದು. ಕಾರು ನಿಜವಾಗಿ ಓಡುತ್ತೆ. ಆದ್ರೆ ಎಂಜಿನ್ ಒಂದನ್ನೇ ತಂದರೆ ಆಗಲ್ಲ. ಗೇರ್‌ಬಾಕ್ಸು, ಮೌಂಟಿಂಗು, ರೇಡಿಯೇಟರು, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಎಲ್ಲಾ ಬದಲಾಗಬೇಕು. "ಎಂಜಿನ್‌ಗೆ ಒಂದ್ರೂಪಾಯಿ ಆದ್ರೆ ಕೂರ್ಸೋಕೆ ಎರಡ್ರೂಪಾಯಿ ಕಣಪ್ಪ" ಅಂದ್ರು ಮೇಸ್ತ್ರಿ. ಕಾಮರ್ಸ್ ಕ್ಲಾಸಲ್ಲಿ ಮೂರು ವರ್ಷ ಕಲಿತದ್ದು ಒಂದೇ ಸಾಲಲ್ಲಿ ಮುಗೀತು.

ಎರಡು, ಇಸುಜು ಡೀಸೆಲ್. ಖರ್ಚು ಕಡಿಮೆ, ಟ್ರ್ಯಾಕ್ಟರಿಗೆ ತಂದ ಡೀಸೆಲ್ಲೇ ಆಗುತ್ತೆ. ಆದ್ರೆ ಎಂಜಿನ್ ಭಾರ ಜಾಸ್ತಿ, ಮುಂದಿನ ಸ್ಪ್ರಿಂಗ್ ಕೂರುತ್ತೆ, ನಡುಕ ಬೇರೆ. ಮೇಲಾಗಿ ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ.

ಇಲ್ಲೇ ಕಾನೂನು ಬರೋದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಹೇಳಿದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಕೆಟ್ಟ ಎಂಜಿನ್ ಬದಲು ಅದೇ ಮಾದರಿಯ ಎಂಜಿನ್ ಹಾಕಿದರೂ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಿಸಬೇಕು. ಬೇರೆ ಎಂಜಿನ್ ಅಂದ್ರೆ ಅನುಮತಿಯೇ ಸಿಗೋದು ಕಷ್ಟ. ಇನ್ನೊಂದು ಮಾತು: 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ 'ವಿಂಟೇಜ್' ಮಾನ್ಯತೆ ಸಿಗಬಹುದು. ಷರತ್ತು ಏನಂದ್ರೆ ಮೂಲ ರೂಪ ಉಳಿದಿರಬೇಕು, ಷಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ನಮ್ಮ ಕಾರಿಗೆ 50 ತುಂಬೋದು 2036ಕ್ಕೆ.

ಮೂರನೇ ದಾರಿ, ಅದೇ ಹಳೇ 1489 ಸಿಸಿ. ಅಂಬಾಸಿಡರ್‌ದು ಸಿಕ್ಕರೆ ಇದ್ದ ಬೋಲ್ಟಿಗೇ ಕೂರುತ್ತೆ. ಸೋವಿ. ಆದ್ರೆ ಅದೇ ಏದುಸಿರು.

ನನ್ನ ಮನಸ್ಸು ಇಸುಜು ಪೆಟ್ರೋಲ್ ಕಡೆಗಿತ್ತು, ಮುಚ್ಚಿಡಲ್ಲ. ಕಂಪನಿಯೇ ತಿದ್ದಿಕೊಂಡ ತಪ್ಪನ್ನ ನಾವ್ಯಾಕೆ ಇಟ್ಕೋಬೇಕು? ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪಂಗೆ ಮೂರೂ ಲೆಕ್ಕ ಒಪ್ಪಿಸಿದೆ. ಇಸುಜು ಹಾಕಿದ್ರೆ ಸ್ಪೀಡ್ ಬರುತ್ತೆ ದೊಡ್ಡಪ್ಪ, ಅಂದೆ.

ಮುದ್ದೆ ಮುರೀತಾ ಅಂದ್ರು: "ಸ್ಪೀಡಾಗಿ ಹೋಗೋಕೆ ನಿಮ್ಮಪ್ಪನ ಬೈಕಿತ್ತು ಕಣ್ಲಾ. ಇದ್ನ ನಾನು ತಗೊಂಡಿದ್ದು ನಿಧಾನಕ್ಕೆ ಹೋಗೋಕೆ. ಸಂತೆ ದಿನ ಊರ ಮುಂದೆ ಎಲ್ರೂ ನೋಡ್ಲಿ ಅಂತ."

ಅಲ್ಲಿಗೆ ಲೆಕ್ಕ ಮುಗೀತು. ನಾನು ಎಲ್ಲಾ ಎಂಜಿನ್ನಿನ ಶಕ್ತಿ ಬರೆದಿದ್ದೆ, ಬೆಲೆ ಬರೆದಿದ್ದೆ. ಕಾರು ಯಾತಕ್ಕೆ ಬೇಕು ಅಂತ ಕೇಳಿರಲಿಲ್ಲ. ಎಂಜಿನ್ ಆರಿಸೋರು ಮೊದಲು ಕೇಳಬೇಕಾದ ಪ್ರಶ್ನೆ ಅದೇ. 1964ರಲ್ಲಿ ಪಾಂಟಿಯಾಕ್‌ನವರು ಅದನ್ನ ಕೇಳ್ಕೊಂಡಿದ್ರು, ಅವರಿಗೆ ಬೇಕಿದ್ದದ್ದು ವೇಗ. 1984ರಲ್ಲಿ ಉತ್ತರಪಾರಾದವರಿಗೆ ಆ ಪ್ರಶ್ನೆ ಕೇಳೋ ಸ್ವಾತಂತ್ರ್ಯ ಪೂರ್ತಿ ಇರಲಿಲ್ಲ, ಇದ್ದದ್ದನ್ನ ಕೂರಿಸಿದರು. ನಮಗೆ ಆ ಸ್ವಾತಂತ್ರ್ಯ ಇದೆ, ಮತ್ತು ನಾವು ಆರಿಸ್ಕೊಂಡಿದ್ದು ಆ ಮುದುಕನನ್ನೇ.

ಬರೋ ಭಾನುವಾರ ಮೇಸ್ತ್ರಿ, ನಾನು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗ್ತಿದ್ದೀವಿ. ನಂಬರ್ ಅಳಿಸದ, ದಾಖಲೆ ಇರೋ 1489 ಸಿಸಿ ಬೇಕು. ಸಿಕ್ಕರೆ ಮುಂದಿನ ಸಂಚಿಕೆ ಶುರುವಾಗೋದು ಆ ಎಂಜಿನ್ ಸದ್ದಿನಿಂದ. ಸಿಗದಿದ್ರೆ ಎಮ್ಮೆ ಸದ್ದು ಹೇಗೂ ಇದೆ. ಬರ್ತೀನಿ, ನಮಸ್ಕಾರ.