ಬಣ್ಣದ ಹಂಡೆ

ಬಣ್ಣದ ಚರಿತ್ರೆ ಬರೆದವರು ಸೀರೆ ಉಟ್ಟವರನ್ನು ಕಂಡರು. ಹಂಡೆಯ ಹಬೆಯಲ್ಲಿ ನಿಂತ ನಮ್ಮನ್ನು ಕಾಣಲಿಲ್ಲ.

1856ರಲ್ಲಿ ಲಂಡನ್ನಿನ 18ರ ಹುಡುಗ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. ಬಣ್ಣದ ಕಾರ್ಖಾನೆಗಳೆದ್ದವು. 1895ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಲುಡ್ವಿಗ್ ರೇನ್ ಅಲ್ಲಿನ ಕೂಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದನ್ನೇ ವರದಿ ಮಾಡಿತು.

ಮುಂದೆ ಸಿಕ್ಕಿಬಿದ್ದ ವಿಷಗಳಲ್ಲಿ ಬೆಂಜಿಡಿನ್ ಒಂದು. ಕೆಲವು ಅಜೋ ಬಣ್ಣಗಳು ಮೈಯೊಳಗೆ ಒಡೆದು ಇದನ್ನೇ ಬಿಡ್ತವೆ. ಉಸಿರಲ್ಲಿ, ಚರ್ಮದಲ್ಲಿ ಇಳಿದದ್ದು ಮೂತ್ರಕೋಶ ಸೇರ್ತದೆ. ಕ್ಯಾನ್ಸರು ಕಾಣೋದು ಎಷ್ಟೋ ಸಲ ಇಪ್ಪತ್ತು ವರ್ಷದ ಮೇಲೆ. ಅಷ್ಟೊತ್ತಿಗೆ ಕೂಲಿಯವನ ಹೆಸರು ಹಾಜರಿ ಪುಸ್ತಕದಲ್ಲೇ ಇರಲ್ಲ. ಬೀಡಿ ಸೇದಿದ್ದಕ್ಕೆ ಬಂತು ಅಂದರೆ ಮಾಲೀಕನ ಕೈ ಚೊಕ್ಕಟ.

1994ರಲ್ಲಿ ಜರ್ಮನಿ ತನ್ನ ಜನರ ಮೈಗೆ ತಾಗುವ ಬಟ್ಟೆಯಲ್ಲಿ ಇಂಥ ಅಜೋ ಬಣ್ಣ ಬೇಡವೆಂದಿತು. ರಫ್ತಿಗೆ ಕುತ್ತು ಬಂತು. 1997ರಲ್ಲಿ ನಮ್ಮ ಸರ್ಕಾರವೂ ಅಂಥ ಬಣ್ಣಗಳ ದೊಡ್ಡ ಪಟ್ಟಿಯನ್ನೇ ನಿಷೇಧಿಸಿತು. ಉಡುವವರ ಚರ್ಮಕ್ಕಿದ್ದ ಬೆಲೆ ಅದ್ದುವವರ ಚರ್ಮಕ್ಕಿರಲಿಲ್ಲ.

ಹಂಡೆ ಇನ್ನೂ ಕುದೀತಿದೆ. ಇವತ್ತು ಅದರೊಳಗೆ ಏನಿದೆ, ಹೇಳ್ರಿ ಅಂತ ಕೇಳೋಣ. ಕೆಲಸ ಬಿಟ್ಟವರಿಗೂ ತಪಾಸಣೆ ಕೇಳೋಣ. ಹಾಜರಿ ಪುಸ್ತಕ ಮರೆತರೂ ನಮ್ಮ ಮೈ ಮರೆತಿಲ್ಲ.